ಹಳೆಯ 407ಕ್ಕೆ ರೇಡಿಯೇಟರ್ ಕ್ಯಾಪ್ 0.5 ಇರಲಾ, 0.9 ಹಾಕಲಾ, 1.1 ಹಾಕಲಾ?

ಪ್ರಶ್ನೆ: ಸರ್, ನನ್ನದು 1997ರ ಟಾಟಾ 407. ಊರು ಅರಸೀಕೆರೆ. ವಾರಕ್ಕೆ ಎರಡು ಸಲ ತರಕಾರಿ ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗ್ತೇನೆ, ಬರುವಾಗ ಹೆಂಚೋ ಗೊಬ್ಬರವೋ ಹಾಕಿಕೊಂಡು ಹತ್ತುತ್ತೇನೆ. ಉಳಿದ ದಿನ ಇಲ್ಲೇ ಸುತ್ತಮುತ್ತ ತೆಂಗಿನ ನಾರಿನ ಲೋಡು. ಎರಡು ವರ್ಷದಿಂದ ಘಾಟಿ ಹತ್ತುವಾಗ ಮಾರನಹಳ್ಳಿ ಬರುವಷ್ಟರಲ್ಲಿ ನೀರು ಕುದಿಯುತ್ತೆ. ಹಳೇ ಕ್ಯಾಪಿನ ಮೇಲೆ 0.5 ಅಂತ ಇತ್ತು. ಅಂಗಡಿಯವರು ‘ಅದು ವೀಕು, 1.1 ಹಾಕಿ’ ಅಂದರು. ಹಾಕಿದ ಮೇಲೆ ಎರಡು ಟ್ರಿಪ್ ಕುದಿಯಲಿಲ್ಲ. ಮೂರನೇ ಟ್ರಿಪ್ಪಿಗೆ ರೇಡಿಯೇಟರಿನ ಮೇಲಿನ ಟ್ಯಾಂಕಿನ ಬೆಸುಗೆ ಬಿಟ್ಟು ನೀರು ಸೋರಿತು. ಬೆಸುಗೆ ಹಾಕಿದವರು 0.9 ಸಾಕು ಅಂತಾರೆ. ಮೂವತ್ತು ವರ್ಷ ಲಾರಿ ಓಡಿಸಿದ ನಮ್ಮ ಮಾವ ‘ಥರ್ಮೋಸ್ಟಾಟ್ ಕಿತ್ತುಹಾಕು, ಕ್ಯಾಪಿನ ರಬ್ಬರ್ ತೆಗೆದುಬಿಡು’ ಅಂತಾರೆ. ದಿನಾ ಬೆಳಿಗ್ಗೆ ಅರ್ಧ ಲೀಟರ್ ನೀರು ಕಮ್ಮಿಯಾಗಿರುತ್ತೆ, ಬೋರ್ ನೀರು ಹಾಕಿ ಭರ್ತಿ ಮಾಡ್ತೇನೆ. ಯಾರ ಮಾತು ಕೇಳಲಿ? ಲಿವರ್ ಇರುವ ಕ್ಯಾಪ್ ಬರುತ್ತಂತೆ, ಅದು ತಗೊಳ್ಳಬಹುದಾ?

ಉತ್ತರ: ಮೊದಲು 1.1 ಕ್ಯಾಪ್ ತೆಗೆದು 0.5ರದ್ದೇ ಹೊಸದೊಂದು ಹಾಕಿ. ಅದು ಹಾಕಿದ್ದಕ್ಕೆ ಕುದಿಯುವುದು ನಿಲ್ಲುವುದಿಲ್ಲ. ಎಂಜಿನ್ನಿನ ನೀರು ತಣಿಸುವ ರೇಡಿಯೇಟರ್ ಮತ್ತೆ ಒಡೆಯದೆ ಉಳಿಯುತ್ತದೆ, ಅಷ್ಟೆ. ಕುದಿಯುವುದಕ್ಕೆ ಕಾರಣ ಬೇರೆ ಕಡೆ ಇದೆ. ನೀವು ಬರೆದಿರುವುದರಲ್ಲೇ ಎರಡು ಮೂರು ಸುಳಿವು ಕಾಣಿಸುತ್ತಿವೆ, ಅವಕ್ಕೆ ಆಮೇಲೆ ಬರುತ್ತೇನೆ.

ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದಕ್ಕೇ ಜನ ನಂಬುತ್ತಾರೆ. ನೀರಿನ ಮೇಲೆ ಒತ್ತಡ ಹೆಚ್ಚಿದಷ್ಟೂ ಅದು ಕುದಿಯುವ ಡಿಗ್ರಿ ಮೇಲೇರುತ್ತದೆ. ಕ್ಯಾಪಿನ ಮೇಲಿರುವ 0.5 ಅಂದರೆ ಚದರ ಸೆಂಟಿಮೀಟರಿಗೆ ಅರ್ಧ ಕೆ.ಜಿ. ಒತ್ತಡ, ಪಿಎಸ್‌ಐ ಲೆಕ್ಕದಲ್ಲಿ 7. 0.9 ಅಂದರೆ ಸುಮಾರು 13 ಪಿಎಸ್‌ಐ, 1.1 ಅಂದರೆ ಹೆಚ್ಚುಕಡಿಮೆ 16. ಕೆಲವು ಕ್ಯಾಪಿನ ಮೇಲೆ 88 ಅಥವಾ 108 ಅಂತ ಅಚ್ಚಾಗಿರುತ್ತದೆ. ಅದು ಕಿಲೋಪಾಸ್ಕಲ್, 88 ಅಂದರೆ ಅದೇ 0.9, 108 ಅಂದರೆ ಅದೇ 1.1. ಸಮುದ್ರಮಟ್ಟದಲ್ಲಿ ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. 0.5 ಕ್ಯಾಪ್ ಇದ್ದರೆ ಸುಮಾರು 111ಕ್ಕೆ, 0.9 ಇದ್ದರೆ 118ಕ್ಕೆ, 1.1 ಇದ್ದರೆ 121ಕ್ಕೆ. ಎತ್ತರಕ್ಕೆ ಹೋದಂತೆ ಈ ಲೆಕ್ಕ ಇಳಿಯುತ್ತದೆ. ಸಕಲೇಶಪುರ ಸುಮಾರು 950 ಮೀಟರ್ ಎತ್ತರದಲ್ಲಿದೆ, ಅಲ್ಲಿ ಕ್ಯಾಪ್ ಇಲ್ಲದ ನೀರು 97ಕ್ಕೇ ಕುದಿಯುತ್ತದೆ, 0.5 ಕ್ಯಾಪಿನಲ್ಲಿ 109. ನಿಮ್ಮ ಎಂಜಿನ್ ಅತಿ ಹೆಚ್ಚು ದುಡಿಯುವ ಜಾಗ ಮತ್ತು ನೀರು ಬೇಗ ಕುದಿಯುವ ಜಾಗ ಎರಡೂ ಘಾಟಿಯ ತಲೆಯಲ್ಲೇ ಒಂದಾಗುತ್ತವೆ. ಮಾರನಹಳ್ಳಿ ಹತ್ತಿರ ಆವಿ ಏಳುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಕ್ಯಾಪ್ ಎಂಜಿನ್ನಿನ ಬಿಸಿ ಇಳಿಸುವುದಿಲ್ಲ. ಕುಕ್ಕರಿಗೆ ಭಾರದ ವೆಯ್ಟ್ ಇಟ್ಟರೆ ಒಲೆಯ ಉರಿ ಕಡಿಮೆಯಾಗುತ್ತದೆಯೇ? ಸೀಟಿ ತಡವಾಗುತ್ತದೆ ಅಷ್ಟೆ. ನಿಮಗೆ ಆದದ್ದೂ ಅದೇ. ಎರಡು ಟ್ರಿಪ್ ಕುದಿಯಲಿಲ್ಲ ಅಂದಿರಿ. ಆ ಎರಡೂ ಟ್ರಿಪ್‌ನಲ್ಲಿ ನೀರು ಮೊದಲಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಬಿಸಿಯಾಗಿತ್ತು, ಆವಿಯಾಗಿ ಹೊರಗೆ ಬಂದು ನಿಮಗೆ ಹೇಳಲಿಲ್ಲ. ಹೆಚ್ಚಿನ ಒತ್ತಡದಿಂದ ಒಂದು ನಿಜವಾದ ಲಾಭ ಇದೆ: ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡಿನ ಒಳಗೆ, ವಾಲ್ವ್‌ಗಳ ಪಕ್ಕದ ಕಾದ ಲೋಹದ ಮೇಲೆ ಸಣ್ಣ ಸಣ್ಣ ಆವಿಗುಳ್ಳೆ ಏಳುವುದು ಕಡಿಮೆಯಾಗುತ್ತದೆ, ವಾಟರ್ ಪಂಪಿನ ಒಳಗೂ ಹಾಗೆಯೇ. ಆ ಲಾಭ ಸಿಗಬೇಕಾದರೆ ಉಳಿದ ಸಾಮಾನೆಲ್ಲ ಆ ಒತ್ತಡ ತಡೆಯುವಂತಿರಬೇಕು. ನಿಮ್ಮ ಗಾಡಿಯಲ್ಲಿ ತಡೆಯಲಿಲ್ಲ.

ಏಕೆ ತಡೆಯಲಿಲ್ಲ ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. ಮೇಲಿನ ಟ್ಯಾಂಕಿನ ಉದ್ದ 50 ಸೆಂ.ಮೀ., ಅಗಲ 8 ಸೆಂ.ಮೀ. ಎಂದುಕೊಳ್ಳಿ. 400 ಚದರ ಸೆಂ.ಮೀ. ಆಯಿತು. 0.5 ಕ್ಯಾಪಿನಲ್ಲಿ ಆ ಟ್ಯಾಂಕನ್ನು ಮೇಲಕ್ಕೆ ಎತ್ತುವ ಬಲ 200 ಕೆ.ಜಿ. 1.1ರಲ್ಲಿ 440 ಕೆ.ಜಿ. ಇಷ್ಟನ್ನೂ ಹಿಡಿದಿಟ್ಟುಕೊಂಡಿರುವುದು ತಾಮ್ರ-ಹಿತ್ತಾಳೆ ರೇಡಿಯೇಟರಿನ ಅಂಚಿನ ಸೀಸ-ತವರದ ಬೆಸುಗೆ, ಅದೂ ಇಪ್ಪತ್ತೈದು ವರ್ಷ ಗುಂಡಿ ರಸ್ತೆಯಲ್ಲಿ ಕುಲುಕಿ, ದಿನಾ ಬಿಸಿಯಾಗಿ ತಣಿದು ದಣಿದಿರುವಂಥದ್ದು. ಬೆಸುಗೆ ಬಿಟ್ಟುಕೊಳ್ಳದಿದ್ದರೆ ನೀರಿನ ಹಳೇ ರಬ್ಬರ್ ಹೋಸ್ ಉಬ್ಬುತ್ತಿತ್ತು, ಇಲ್ಲ ವಾಟರ್ ಪಂಪಿನ ಸೀಲ್ ಸೋರುತ್ತಿತ್ತು. ಕ್ಯಾಪ್ ಅನ್ನುವುದು ಒಂದು ಸೇಫ್ಟಿ ವಾಲ್ವ್ ಕೂಡ. ಅದು ಬಿಟ್ಟುಕೊಡದಿದ್ದಾಗ ಅದರ ಬದಲು ಇನ್ನೊಂದು ಬಿಟ್ಟುಕೊಡುತ್ತದೆ. ಹಾಗಾಗಿ ನಿಮ್ಮ ಮೂರನೇ ಟ್ರಿಪ್ಪಿಗೆ ನಾನು ಬೆಸುಗೆಯನ್ನು ಬೈಯುವುದಿಲ್ಲ.

ಇನ್ನು ಮಾವನವರ ಎರಡು ಸಲಹೆ. ಅವರ ಅನುಭವಕ್ಕೆ ಗೌರವ ಇಟ್ಟುಕೊಂಡೇ ಎರಡಕ್ಕೂ ಬೇಡ ಅನ್ನುತ್ತೇನೆ.

ಕ್ಯಾಪಿನ ರಬ್ಬರ್ ಕಿತ್ತು ಓಡಿಸುವುದು ಹಳೇ ಡ್ರೈವರುಗಳ ಅಭ್ಯಾಸ. ಹೋಸ್ ಒಡೆಯುವುದಿಲ್ಲ, ನಿಜ. ಆದರೆ ಘಾಟಿಯ ಮೇಲೆ 97 ಡಿಗ್ರಿಗೇ ಕುದಿಯಲು ಶುರುವಾಗುತ್ತದೆ, ನೀರು ಪ್ರತಿ ತಿರುವಿನಲ್ಲೂ ತುಳುಕಿ ಓವರ್‌ಫ್ಲೋ ಪೈಪಿನಿಂದ ಹೋಗುತ್ತದೆ. ಅರ್ಧ ಖಾಲಿಯಾದ ಮೇಲೆ ಟೆಂಪರೇಚರ್ ಮೀಟರಿನ ಸೆನ್ಸರ್ ನೀರಿನಲ್ಲಿ ಇರುವುದಿಲ್ಲ, ಆವಿಯಲ್ಲೋ ಗಾಳಿಯಲ್ಲೋ ಇರುತ್ತದೆ. ಆಗ ಮುಳ್ಳು ಕೆಳಗೆ ಬರಬಹುದು. ‘ಅಬ್ಬಾ, ತಣ್ಣಗಾಯ್ತು’ ಅಂದುಕೊಂಡು ಗೇರ್ ಏರಿಸಿದವರ ಹೆಡ್ಡುಗಳು ನಮ್ಮ ಬೆಂಚಿನ ಮೇಲೆ ಬಂದು ಕೂತದ್ದು ಕಮ್ಮಿ ಇಲ್ಲ. ಕುದಿಯುತ್ತಿದ್ದ ಗಾಡಿಯ ಮುಳ್ಳು ದಿಢೀರನೆ ಇಳಿದರೆ ತಕ್ಷಣ ಪಕ್ಕಕ್ಕೆ ಹಾಕಿ.

ಥರ್ಮೋಸ್ಟಾಟ್ ಅಂದರೆ ನೀರು ಕಾದ ಮೇಲೆ ರೇಡಿಯೇಟರಿನ ದಾರಿ ತೆರೆಯುವ ವಾಲ್ವ್. ಅದನ್ನು ಕಿತ್ತರೆ ನೀರು ಯಾವಾಗಲೂ ಹರಿಯುತ್ತದೆ, ಎಂಜಿನ್ ತಣ್ಣಗಿರುತ್ತದೆ ಅನ್ನುವುದು ಕೇಳಲು ಸರಿ. ಆದರೆ ಬಹಳಷ್ಟು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಎರಡು ಕೆಲಸ ಮಾಡುತ್ತದೆ. ರೇಡಿಯೇಟರಿನ ದಾರಿ ತೆರೆಯುವಾಗಲೇ, ನೀರು ಎಂಜಿನ್ ಒಳಗೇ ಸುತ್ತುವ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಕಿತ್ತುಬಿಟ್ಟರೆ ಬೈಪಾಸ್ ಸದಾ ತೆರೆದಿರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೇ ಹೋಗದೆ ಮತ್ತೆ ಪಂಪಿಗೆ ವಾಪಸು. ಘಾಟಿಯಲ್ಲಿ ಬಿಸಿ ಜಾಸ್ತಿಯಾಗುತ್ತದೆ, ಬಯಲಲ್ಲಿ ಎಂಜಿನ್ ಬೆಚ್ಚಗಾಗುವುದೇ ಇಲ್ಲ. ತಣ್ಣಗೆ ಓಡುವ ಡೀಸೆಲ್ ಎಂಜಿನ್ ಹೊಗೆ ಉಗುಳುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರಿನ ಒಳಗೋಡೆಯಾದ ಲೈನರ್ ಬೇಗ ಸವೆಯುತ್ತದೆ. ಥರ್ಮೋಸ್ಟಾಟ್ ಅನುಮಾನ ಇದ್ದರೆ ಬಿಚ್ಚಿ, ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆ ಮೇಲಿಡಿ. ಅದರ ಮೇಲೇ ಡಿಗ್ರಿ ಅಚ್ಚಾಗಿರುತ್ತದೆ, ಹಳೇ ಡೀಸೆಲ್ಲುಗಳಲ್ಲಿ 80ರ ಆಸುಪಾಸು. ಆ ಬಿಸಿಗೆ ಬಾಯಿ ಬಿಡಲು ಶುರುಮಾಡಿ, ಇನ್ನೊಂದು ಹತ್ತು ಹದಿನೈದು ಡಿಗ್ರಿಯೊಳಗೆ ಪೂರ್ತಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿ. ಖಾಲಿ ಬಿಡಬೇಡಿ.

ಈಗ ನಿಮ್ಮ ಪತ್ರದಲ್ಲಿರುವ ಸುಳಿವುಗಳು.

ಮೊದಲನೆಯದು ಬೋರ್ ನೀರು. ನಿಮ್ಮ ಸೀಮೆಯ ಬೋರ್ ನೀರು ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಕಟ್ಟುತ್ತದಲ್ಲ, ಅದೇ ಸುಣ್ಣ ರೇಡಿಯೇಟರಿನ ಟ್ಯೂಬಿನಲ್ಲೂ ಹೆಡ್ಡಿನ ಒಳಗೂ ಕಟ್ಟುತ್ತದೆ. ಹಿತ್ತಾಳೆಗೆ ಹೋಲಿಸಿದರೆ ಆ ಪದರ ಬಿಸಿ ದಾಟಿಸುವುದು ಹತ್ತಾರು ಪಟ್ಟು ಕಡಿಮೆ. ದಿನಾ ಅರ್ಧ ಲೀಟರ್ ಹೊಸ ನೀರು ಅಂದರೆ ದಿನಾ ಒಂದಿಷ್ಟು ಹೊಸ ಸುಣ್ಣ. ವರ್ಷಗಟ್ಟಲೆ ಹೀಗೆ ಮಾಡಿದ ರೇಡಿಯೇಟರಿನ ಮೇಲಿನ ಟ್ಯಾಂಕ್ ಬಿಚ್ಚಿದರೆ ಟ್ಯೂಬಿನ ಬಾಯಿಗಳೇ ಕಾಣುವುದಿಲ್ಲ, ಕಂದು-ಬಿಳಿ ಹೆಕ್ಕಳೆ ಕವಿದು ಒಂದೇ ತಟ್ಟೆಯ ಹಾಗಿರುತ್ತದೆ. ಮೊಳೆಯಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ನಿಮ್ಮವರು ಬೆಸುಗೆ ಹಾಕುವಾಗ ಟ್ಯಾಂಕ್ ಪೂರ್ತಿ ಬಿಚ್ಚಿದ್ದರಾ, ಮೇಲಿಂದಲೇ ತೇಪೆ ಹಾಕಿದರಾ ಕೇಳಿ. ಬಿಚ್ಚಿ ಟ್ಯೂಬುಗಳಲ್ಲಿ ತೆಳು ಪಟ್ಟಿ ತೂರಿಸಿ ಶುಚಿ ಮಾಡದಿದ್ದರೆ ಈಗ ಮಾಡಿಸಿ. ನೀವು ಖರ್ಚು ಮಾಡುವ ದುಡ್ಡಿನಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ.

ಎರಡನೆಯದು ತೆಂಗಿನ ನಾರು. ನಾರಿನ ಲೋಡು ಹೊಡೆಯುವ ಗಾಡಿಯ ರೇಡಿಯೇಟರ್ ಮುಂದಿನಿಂದ ನೋಡಿದರೆ ಚೆನ್ನಾಗೇ ಕಾಣುತ್ತದೆ. ಗ್ರಿಲ್ ತೆಗೆದು, ಹಿಂದೆ ಒಂದು ಬಲ್ಬ್ ಹಿಡಿದು ನೋಡಿ. ಟ್ಯೂಬುಗಳ ನಡುವಿನ ತೆಳು ತಗಡಿನ ಫಿನ್ನುಗಳ ಸಂದಿಯಲ್ಲಿ ಬೆಳಕು ಬರದಿದ್ದ ಜಾಗವೆಲ್ಲ ಗಾಳಿಯೂ ಹೋಗದ ಜಾಗ. ಸಣ್ಣ ನಾರು, ಧೂಳು, ಎಂಜಿನ್ ಆಯಿಲಿನ ಪಸೆ ಮೂರೂ ಸೇರಿದರೆ ಕಂಬಳಿಯೇ. ಫ್ಯಾನಿನ ಕಡೆಯಿಂದ ಮುಂದಕ್ಕೆ, ಹದವಾದ ಜೋರಿನ ನೀರಲ್ಲಿ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಗನ್ನನ್ನು ಹತ್ತಿರ ಹಿಡಿದರೆ ಫಿನ್ನು ಮಡಚಿಕೊಂಡು ಇನ್ನೂ ಕೆಡುತ್ತದೆ. ಹಾಗೇ ಫ್ಯಾನಿನ ಸುತ್ತಲಿನ ತಗಡಿನ ಶ್ರೌಡ್ ಇದೆಯೇ ನೋಡಿ. ಎಷ್ಟೋ ಹಳೇ 407ಗಳಲ್ಲಿ ಯಾವುದೋ ರಿಪೇರಿಗೆ ಬಿಚ್ಚಿದ್ದನ್ನು ಮತ್ತೆ ಹಾಕಿರುವುದೇ ಇಲ್ಲ. ಘಾಟಿಯಲ್ಲಿ ಗಾಡಿ ನಿಧಾನ, ಮುಂದಿನ ಗಾಳಿ ಇಲ್ಲ, ಎಲ್ಲ ಭಾರ ಫ್ಯಾನಿನ ಮೇಲೆ. ಶ್ರೌಡ್ ಇಲ್ಲದ ಫ್ಯಾನ್ ರೇಡಿಯೇಟರಿನಿಂದ ಗಾಳಿ ಎಳೆಯುವ ಬದಲು ಪಕ್ಕದ ಗಾಳಿಯನ್ನೇ ತಿರುಗಿಸುತ್ತಿರುತ್ತದೆ. ಫ್ಯಾನ್ ಬೆಲ್ಟಿನ ಬಿಗಿಯೂ ನೋಡಿಸಿ.

ಎರಡರಲ್ಲಿ ಯಾವುದು ಹೆಚ್ಚು ಕಾರಣ ಅಂತ ತಿಳಿಯಲು ಒಂದು ದಾರಿ ಇದೆ. ಗ್ಯಾರೇಜಿನಲ್ಲಿ ಇನ್ಫ್ರಾರೆಡ್ ಥರ್ಮಾಮೀಟರ್ ಗನ್ ಇದ್ದರೆ, ಲೋಡಿನಲ್ಲಿ ಏರು ಹತ್ತಿಸಿ ನಿಲ್ಲಿಸಿದ ಕೂಡಲೇ ಮೇಲಿನ ಹೋಸ್ ಕೂಡುವ ಲೋಹದ ಬಾಯಿಗೆ, ಆಮೇಲೆ ಕೆಳಗಿನದಕ್ಕೆ ಹಿಡಿಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಬಿಸಿ ಇದ್ದರೆ ನೀರು ಹರಿಯುತ್ತಿದೆ, ಗಾಳಿ ಬಿಸಿ ಒಯ್ಯುತ್ತಿಲ್ಲ: ನಾರು, ಶ್ರೌಡ್, ಫ್ಯಾನ್ ಕಡೆ ನೋಡಿ. ಮೇಲೆ ಸುಡು ಸುಡು, ಕೆಳಗೆ ತೀರಾ ತಣ್ಣಗೆ ಇದ್ದರೆ ನೀರೇ ಸರಿಯಾಗಿ ಹರಿಯುತ್ತಿಲ್ಲ: ಕಟ್ಟಿದ ಟ್ಯೂಬು, ಸವೆದ ಪಂಪು, ಇಲ್ಲ ಥರ್ಮೋಸ್ಟಾಟ್.

ಮೂರನೆಯದು ದಿನದ ಅರ್ಧ ಲೀಟರ್. ಇದು ಸೋರಿಕೆ ಆಗಿರಲೇಬೇಕೆಂದಿಲ್ಲ. ನೀರು ಬೆಳಗಿನ ತಣ್ಣಗಿನಿಂದ 95 ಡಿಗ್ರಿಗೆ ಬಂದರೆ ನೂರಕ್ಕೆ ಮೂರೂವರೆ ಪಾಲು ಹಿಗ್ಗುತ್ತದೆ. 15 ಲೀಟರ್ ನೀರು ಇದ್ದರೆ ಅರ್ಧ ಲೀಟರ್ ಆಯಿತು. ಪಕ್ಕದಲ್ಲಿ ಹಿಗ್ಗಿದ ನೀರು ಹಿಡಿಯುವ ರಿಕವರಿ ಬಾಟಲಿ ಇಲ್ಲದ ಗಾಡಿಗೆ ನೀವು ಬಾಯಿತನಕ ಭರ್ತಿ ಮಾಡಿದರೆ, ಹಿಗ್ಗಿದ ಅರ್ಧ ಲೀಟರ್ ರಸ್ತೆಗೆ ಹೋಗುತ್ತದೆ, ಮರುದಿನ ಬೆಳಿಗ್ಗೆ ಅಷ್ಟೇ ಕಮ್ಮಿ ಕಾಣುತ್ತದೆ, ಮತ್ತೆ ಭರ್ತಿ ಮಾಡುತ್ತೀರಿ. ಬಾಯಿಯಿಂದ ಮೂರು ನಾಲ್ಕು ಸೆಂ.ಮೀ. ಕೆಳಗೆ ನಿಲ್ಲಿಸಿ ಒಂದು ವಾರ ನೋಡಿ. ಮಟ್ಟ ಅಲ್ಲೇ ನಿಂತರೆ ಸೋರಿಕೆ ಇಲ್ಲ. ನಿಲ್ಲದೆ ಇಳಿಯುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವಿನ ಪ್ಯಾಕಿಂಗ್, ಅದರ ಬಗ್ಗೆ ಯೋಚಿಸಬೇಕು. ಎರಡು ವರ್ಷ ಕುದಿದ ಗಾಡಿಗೆ ಆ ಅನುಮಾನ ಇದ್ದೇ ಇರುತ್ತದೆ. ಬೆಳಿಗ್ಗೆ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ಬಾಯಲ್ಲಿ ನೀರು ನೋಡಿ. ಮೊದಲಿಗೆ ಒಂದೆರಡು ಗುಳ್ಳೆ ಬರುವುದು ಸಹಜ, ಎಡೆಬಿಡದೆ ಬರುತ್ತಲೇ ಇದ್ದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಬರುತ್ತಿದೆ. ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ನೀರಿನ್ನೂ ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೂ ಅದೇ ಅರ್ಥ. ಅಂಥ ಎಂಜಿನ್ನಿಗೆ ಯಾವ ನಂಬರಿನ ಕ್ಯಾಪ್ ಹಾಕಿದರೂ ಪ್ರಯೋಜನ ಇಲ್ಲ.

ಇಷ್ಟಾದ ಮೇಲೆ ಕ್ಯಾಪಿನ ಆಯ್ಕೆ. ನಿಮ್ಮ 0.5 ಕ್ಯಾಪ್ ಗಾಡಿಯ ಜೊತೆ ಬಂದದ್ದೋ, ನಡುವೆ ಯಾರೋ ಸಿಕ್ಕಿದ್ದನ್ನು ಹಾಕಿದ್ದೋ ಮೊದಲು ತಿಳಿಯಬೇಕು. ಚಾಸಿಸ್ ನಂಬರ್, ಎಂಜಿನ್ ನಂಬರ್ ಬರೆದುಕೊಂಡು ಕಂಪನಿಯ ಬಿಡಿಭಾಗದ ಕೌಂಟರಿಗೆ ಹೋಗಿ ಪಾರ್ಟ್ ನಂಬರ್ ತೆಗೆಸಿ. ಅವರು 0.5 ಅಂದರೆ 0.5, ಅಲ್ಲಿಗೆ ಮುಗಿಯಿತು. ಅವರು 0.9 ಅಂದರೂ ಈಗಲೇ ಹಾಕಬೇಡಿ. ಬೆಸುಗೆಯವರ ಹತ್ತಿರ ಕೈಪಂಪಿನ ಪ್ರೆಶರ್ ಟೆಸ್ಟರ್ ಇರುತ್ತದೆ. ತಣ್ಣನೆ ಎಂಜಿನ್ನಿನ ಮೇಲೆ 0.9ಕ್ಕೆ ಪಂಪ್ ಮಾಡಿಸಿ ಹತ್ತು ನಿಮಿಷ ಬಿಡಿ, ಮುಳ್ಳು ಅಲುಗದಿದ್ದರೆ ಹಾಕಿ. ಇಳಿದರೆ ಎಲ್ಲಿ ಒದ್ದೆಯಾಗಿದೆ ನೋಡಿ ಸರಿಪಡಿಸುವ ತನಕ 0.5ರಲ್ಲೇ ಇರಿ. 0.5ರಲ್ಲಿ ಓಡಿಸಿದರೆ ಆಗುವ ನಷ್ಟ ಅಂದರೆ ಸ್ವಲ್ಪ ಮುಂಚೆ ಕುದಿಯುತ್ತದೆ, ಅದು ನಿಮಗೆ ಕಾಣಿಸುತ್ತದೆ. 1.1ರ ನಷ್ಟ ಕಾಣಿಸುವ ಹೊತ್ತಿಗೆ ನೀರು ರಸ್ತೆ ಮೇಲಿರುತ್ತದೆ. ಹಳೇ ತಾಮ್ರದ ರೇಡಿಯೇಟರಿಗೆ, ಕಂಪನಿ ಬರೆದಿಲ್ಲದಿದ್ದರೆ, 1.1 ಅನ್ನು ನಾನು ಯಾರಿಗೂ ಹೇಳುವುದಿಲ್ಲ.

ಕ್ಯಾಪಿನ ಒತ್ತಡ ಏರಿಸದೆಯೇ ಅದರ ಲಾಭ ಪಡೆಯುವ ದಾರಿ ಒಂದಿದೆ: ಕೂಲಂಟ್. ಎಥಿಲೀನ್ ಗ್ಲೈಕಾಲ್ ಕೂಲಂಟನ್ನು ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿದರೆ ಕುದಿಯುವ ಡಿಗ್ರಿ ತಾನಾಗಿಯೇ ಏಳೆಂಟು ಮೇಲೇರುತ್ತದೆ. 0.5 ಕ್ಯಾಪ್ ಮತ್ತು ಕೂಲಂಟ್ ಸೇರಿದರೆ, ಬರೀ ನೀರಿಗೆ 0.9 ಕ್ಯಾಪ್ ಹಾಕಿದಷ್ಟೇ ಆಯಿತು, ಬೆಸುಗೆಯ ಮೇಲೆ ಒಂದು ಕೆ.ಜಿ.ಯೂ ಹೆಚ್ಚು ಭಾರ ಬೀಳದೆ. ತುಕ್ಕೂ ನಿಲ್ಲುತ್ತದೆ. ಬರೀ ನೀರು ಬಿಸಿಯನ್ನು ಕೂಲಂಟಿಗಿಂತ ಚೆನ್ನಾಗಿ ಹೊರುತ್ತದೆ ಅನ್ನುವುದೂ ನಿಜವೇ, ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಕೂಲಂಟ್ ಸುರಿಯಬೇಡಿ. ರೆಡಿಮಿಕ್ಸ್ ಡಬ್ಬವಾದರೆ ನೀರು ಸೇರಿಸುವಂತಿಲ್ಲ. ಕಾನ್ಸಂಟ್ರೇಟ್ ಆದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿ. ರೇಡಿಯೇಟರ್ ಶುಚಿಯಾಗುವ ಮೊದಲು ಹಾಕಿದರೆ ದುಡ್ಡು ದಂಡ.

ಕ್ಯಾಪ್ ಕೊಳ್ಳುವಾಗ ನಂಬರಿನಷ್ಟೇ ಮುಖ್ಯ ಅದರ ಆಳ. ಅಂಗಡಿಯಲ್ಲಿ ಯಾರೂ ಇದನ್ನು ಅಳೆಯುವುದಿಲ್ಲ. ರೇಡಿಯೇಟರ್ ಬಾಯಿಯ ಮೇಲಂಚಿನಿಂದ ಒಳಗೆ ರಬ್ಬರ್ ಕೂರುವ ಅಂಚಿನ ತನಕ ಎಷ್ಟು ಆಳವೋ, ಕ್ಯಾಪೂ ಅದಕ್ಕೆ ಹೊಂದಬೇಕು. ಗಿಡ್ಡ ಕ್ಯಾಪಿನ ರಬ್ಬರ್ ಅಂಚಿಗೆ ತಾಗುವುದೇ ಇಲ್ಲ, ಮೇಲೆ 0.9 ಅಂತ ಬರೆದಿದ್ದರೂ ಒತ್ತಡ ಸೊನ್ನೆ. ಉದ್ದದ್ದು ಸ್ಪ್ರಿಂಗನ್ನು ಹೆಚ್ಚು ಅದುಮುತ್ತದೆ, 0.5ರ ಕ್ಯಾಪ್ 0.5ಕ್ಕಿಂತ ಹೆಚ್ಚಿನ ಒತ್ತಡಕ್ಕೆ ಬಿಡುತ್ತದೆ. ಒಂದು ವಾರ ಓಡಿಸಿದ ಮೇಲೆ ತಣ್ಣಗಿರುವಾಗ ತೆಗೆದು ರಬ್ಬರ್ ನೋಡಿ, ಸುತ್ತಲೂ ಒಂದೇ ಸಮನೆ ತೆಳು ಗೆರೆ ಬಿದ್ದಿರಬೇಕು. ರಬ್ಬರಿನ ನಡುವೆ ಒಂದು ಪುಟ್ಟ ಬಿಲ್ಲೆ ಇದೆಯಲ್ಲ, ಅದನ್ನು ಉಗುರಿನಲ್ಲಿ ಎಳೆದು ಬಿಡಿ, ಟಕ್ಕನೆ ವಾಪಸು ಕೂರಬೇಕು. ಎಂಜಿನ್ ತಣಿಯುವಾಗ ಒಳಗೆ ಆಗುವ ಎಳೆತಕ್ಕೆ ಗಾಳಿಯನ್ನೋ ಬಾಟಲಿಯ ನೀರನ್ನೋ ಒಳಗೆ ಬಿಡುವ ವಾಲ್ವ್ ಅದು. ಅದು ಕಚ್ಚಿಕೊಂಡರೆ ಬೆಳಿಗ್ಗೆ ಮೇಲಿನ ಹೋಸ್ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ.

ಘಾಟಿಯಲ್ಲಿ ಓಡಿಸುವ ರೀತಿ ನಿಮಗೆ ನಾನು ಹೇಳಬೇಕಿಲ್ಲ, ಒಂದೇ ಮಾತು: ಎಂಜಿನ್ ಗೊಣಗುವ ತನಕ ಮೇಲಿನ ಗೇರಿನಲ್ಲಿ ಎಳೆಸಬೇಡಿ. ಫ್ಯಾನೂ ಪಂಪೂ ತಿರುಗುವುದು ಎಂಜಿನ್ನಿನಿಂದಲೇ, ಒಂದು ಗೇರ್ ಇಳಿಸಿದರೆ ಎರಡೂ ಜೋರಾಗಿ ತಿರುಗುತ್ತವೆ.

ಲಿವರ್ ಕ್ಯಾಪ್ ತಗೊಳ್ಳಿ, ನಿಮ್ಮ ನಂಬರು ಮತ್ತು ಆಳದಲ್ಲಿ ಸಿಕ್ಕರೆ. ಲಿವರ್ ಎತ್ತಿದರೆ ತಿರುಗಿಸುವ ಮೊದಲೇ ಒತ್ತಡ ಓವರ್‌ಫ್ಲೋ ಪೈಪಿನಿಂದ ಹೋಗುತ್ತದೆ. ಹಾಗಂತ ಕುದಿಯುವಾಗಲೇ ಲಿವರ್ ಎತ್ತಬೇಡಿ. 118 ಡಿಗ್ರಿಯ ಒಂದು ಲೀಟರ್ ನೀರಿನ ಒತ್ತಡವನ್ನು ಒಮ್ಮೆಲೆ ಬಿಟ್ಟರೆ ಅದರಿಂದ ಐವತ್ತು ಲೀಟರಿಗೂ ಹೆಚ್ಚು ಆವಿ ಏಳುತ್ತದೆ, ಒದ್ದೆ ಗೋಣಿಚೀಲ ಅದನ್ನು ತಡೆಯುವುದಿಲ್ಲ. ಗಾಡಿ ಪಕ್ಕಕ್ಕೆ ಹಾಕಿ, ನೀರು ಸೋರಿ ಹೋಗಿಲ್ಲವಾದರೆ ಎರಡು ಮೂರು ನಿಮಿಷ ಐಡಲಿಂಗಿನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ. ಸೋರಿ ಹೋಗಿದ್ದರೆ ಕೂಡಲೇ ಆಫ್ ಮಾಡಿ. ಮೇಲಿನ ಹೋಸನ್ನು ಬರಿಗೈಯಲ್ಲಿ ಹಿಡಿದುಕೊಳ್ಳಲು ಆಗುವ ತನಕ, ಅಂದರೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ, ಕ್ಯಾಪ್ ಮುಟ್ಟಬೇಡಿ. ತೆಗೆದ ಮೇಲೂ ತಣ್ಣೀರು ಒಮ್ಮೆಲೆ ಸುರಿಯಬೇಡಿ, ಹೆಡ್ ಸೀಳುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿ ಐಡಲಿಂಗಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ. ಟ್ಯೂಬ್ ಶುಚಿ ಮಾಡಿಸಿ, ನಾರು ತೊಳೆದು, 0.5 ಕ್ಯಾಪಿನಲ್ಲಿ ಮುಂದಿನ ಸಲ ಘಾಟಿ ಹತ್ತಿದ ಮೇಲೆ ಮುಳ್ಳು ಎಲ್ಲಿ ನಿಂತಿತು, ಮೇಲಿನ ಕೆಳಗಿನ ಹೋಸಿನ ಬಿಸಿ ಎಷ್ಟಿತ್ತು ಬರೆದು ಕಳಿಸಿ. ಆಮೇಲೂ ಕುದಿದರೆ ಪಂಪ್ ಮತ್ತು ಹೆಡ್ ಗ್ಯಾಸ್ಕೆಟ್ ಬಿಚ್ಚಿ ನೋಡುವ ಮಾತು.